ಮಗನ ಗೆಳೆಯನ ಕಾರ್ಡಿನ ಮೇಲೆ ಬೇರೆ ಕ್ಲಬ್ಬಿನ ಹೆಸರೇಕೆ?

ಪ್ರಶ್ನೆ: ನಾವು ದಾವಣಗೆರೆ ಕಡೆಯವರು. ಯಜಮಾನರ ಕೆಲಸದ ಸಲುವಾಗಿ ಮೆಕ್ಸಿಕೊದ ಕೆರೆತಾರೊಗೆ ಬಂದು ನಾಲ್ಕು ವರ್ಷ ಆಯಿತು. ಮಗನಿಗೆ ಈಗ 16. ಶಾಲೆಯ ಫುಟ್‌ಬಾಲ್ ತಂಡದಲ್ಲಿ ಎಡಗಡೆ ಬ್ಯಾಕ್ ಆಡುತ್ತಾನೆ. ಪಕ್ಕದ ಊರಿನಲ್ಲಿ ಹೋದ ವರ್ಷ ಹೊಸದಾಗಿ ಒಂದು ಪ್ರೊಫೆಷನಲ್ ಕ್ಲಬ್ ಶುರುವಾಗಿದೆ. ಲಿಗಾ ಟಿಡಿಪಿ ಎಂಬ ಕೆಳಹಂತದ ಲೀಗಿನಲ್ಲಿ ಆಡುತ್ತಿದೆ. ಮಗ ಟ್ರಯಲ್ಸ್‌ಗೆ ಹೋಗಿ ಆಯ್ಕೆಯಾದ. ಈಗ ನೋಂದಣಿಗೆ 15,000 ಪೆಸೊ, ಆಮೇಲೆ ತಿಂಗಳಿಗೆ 4,500 ಪೆಸೊ ಕೇಳುತ್ತಿದ್ದಾರೆ. 5 ವರ್ಷದ ಒಪ್ಪಂದಕ್ಕೆ ಸಹಿ ಹಾಕಬೇಕಂತೆ. ಕ್ಲಬ್ಬಿನ ಅಧ್ಯಕ್ಷರು ಬಿಲ್ಡರ್. ‘ಎರಡು ವರ್ಷಕ್ಕೆ ಮೇಲಿನ ಹಂತ, ಐದು ವರ್ಷಕ್ಕೆ ಲಿಗಾ ಎಂಎಕ್ಸ್’ ಅಂತಾರೆ. ಅದು ಇಲ್ಲಿನ ಎಲ್ಲಕ್ಕಿಂತ ಮೇಲಿನ ಲೀಗು. ನಾವು 2 ಲಕ್ಷ ಪೆಸೊ ಹಾಕಿದರೆ, ಮುಂದೆ ಮಗನನ್ನು ದೊಡ್ಡ ಕ್ಲಬ್ಬಿಗೆ ಕೊಟ್ಟಾಗ ಬರುವ ಹಣದಲ್ಲಿ ಶೇ. 30 ನಮಗಂತೆ. ಯಜಮಾನರು ಒಪ್ಪಿಬಿಟ್ಟಿದ್ದಾರೆ, ನನಗೆ ಯಾಕೋ ಸಮಾಧಾನ ಇಲ್ಲ. ನಾವು ಪರದೇಶದವರು ಅಂದರೆ ‘ಕುರ್ಪ್ (ಇಲ್ಲಿನ ಸರ್ಕಾರಿ ಗುರುತಿನ ಸಂಖ್ಯೆ) ಕೊಡಿ ಸಾಕು, ಉಳಿದದ್ದು ನಾವು ನೋಡ್ಕೋತೀವಿ’ ಅಂದರು. ಆಗಲೇ ಸೇರಿರುವ ಮಗನ ಗೆಳೆಯನ ಆಟಗಾರರ ನೋಂದಣಿ ಕಾರ್ಡ್ ನೋಡಿದೆ. ಅದರಲ್ಲಿ ಬೇರೇನೋ ಕ್ಲಬ್ಬಿನ ಹೆಸರಿದೆ. ಫೋಟೊ ಕಳಿಸಿದ್ದೇನೆ. ಈ ಕ್ಲಬ್ ನಿಜವಾದದ್ದೇ? ದುಡ್ಡು ಕಟ್ಟಬಹುದೇ?

ಉತ್ತರ: ಫೋಟೊ ದೊಡ್ಡದು ಮಾಡಿ ನೋಡಿದೆ. ಹುಡುಗನ ಜೆರ್ಸಿಯ ಮೇಲೆ ಹೊಸ ಕ್ಲಬ್ಬಿನ ಲಾಂಛನ ಇದೆ. ಕಾರ್ಡಿನ ಮೇಲೆ ಇನ್ನೆಲ್ಲಿಯದೋ ಕ್ಲಬ್ಬಿನ ಹೆಸರು. ಅಚ್ಚಿನ ತಪ್ಪಲ್ಲ ಅದು. ಹಾಗಂತ ಮೋಸ ಎಂದೂ ಈಗಲೇ ಹೇಳಲಾರೆ. ನಿಮ್ಮ ಕಣ್ಣಿಗೆ ಬಿದ್ದ ಈ ಒಂದು ಸಾಲಿನಿಂದ ಉಳಿದ ಮುಕ್ಕಾಲು ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಅಲ್ಲಿಂದಲೇ ಶುರು ಮಾಡ್ತೀನಿ.

ಮೆಕ್ಸಿಕೊದಲ್ಲಿ ಒಂದು ತಂಡ ಪ್ರೊಫೆಷನಲ್ ಲೀಗಿನಲ್ಲಿ ಆಡಬೇಕಾದರೆ ದೇಶದ ಫುಟ್‌ಬಾಲ್ ಫೆಡರೇಷನ್‌ನ ಅಫಿಲಿಯೇಷನ್ ಸರ್ಟಿಫಿಕೇಟ್ ಬೇಕು. ಆಡುವ ಹಕ್ಕು ಇರುವುದು ಆ ಕಾಗದದಲ್ಲಿ. ಊರಲ್ಲಿ, ಜೆರ್ಸಿಯಲ್ಲಿ, ಹೆಸರಲ್ಲಿ ಅಲ್ಲ. ಅದನ್ನು ಮಾರಬಹುದು, ಬೇರೆ ಊರಿಗೆ ಒಯ್ಯಬಹುದು. ಕೆಳಗಿನ ಹಂತಗಳಲ್ಲಿ ಬಾಡಿಗೆಗೆ ಕೊಡುವುದೂ ಮಾಮೂಲು. ಇಲ್ಲಿನವರು ‘ಫ್ರಾಂಕಿಸಿಯಾ (ಫ್ರಾಂಚೈಸಿ) ಬಾಡಿಗೆ’ ಅಂತ ಯಾವ ಮುಜುಗರವೂ ಇಲ್ಲದೆ ಹೇಳುತ್ತಾರೆ. ಸ್ವಂತ ಸರ್ಟಿಫಿಕೇಟ್ ದುಬಾರಿ. ಹಾಗಾಗಿ ಹೊಸ ಕ್ಲಬ್ಬಿನವರು ಆಡದೆ ಬಿದ್ದಿರುವ ಯಾವುದೋ ಹಳೇ ತಂಡದ ಕಾಗದವನ್ನು ಬಾಡಿಗೆಗೆ ಹಿಡಿಯುತ್ತಾರೆ. ಬಾಡಿಗೆ ಮನೆಗೆ ಬಣ್ಣ ಹೊಡೆದು, ಬಾಗಿಲಿಗೆ ತಮ್ಮ ಹೆಸರಿನ ಬೋರ್ಡು ಹಾಕಿಕೊಂಡ ಹಾಗೆ. ಮನೆ ಪತ್ರ ಮಾತ್ರ ಓನರ್ ಹತ್ತಿರವೇ. ನೀವು ನೋಡಿದ ಕಾರ್ಡಿನ ಮೇಲಿರುವುದು ಹೆಚ್ಚಾಗಿ ಆ ಓನರ್ ಹೆಸರು.

ಇದು ಸಣ್ಣವರ ಕಥೆ ಮಾತ್ರ ಅಂದುಕೊಳ್ಳಬೇಡಿ. 2015ರಲ್ಲಿ ಎರಡನೇ ಹಂತದ ಒಂದು ತಂಡ ಮೆಕ್ಸಿಕೊ ಕೊಲ್ಲಿ ತೀರದ ಅಲ್ತಮಿರಾದಿಂದ ಎದ್ದು ಗ್ವಾಟೆಮಾಲಾ ಗಡಿಯ ತಪಚುಲಾಗೆ ಹೋಯಿತು. ಅಲ್ಲಿ ಸುತ್ತಮುತ್ತ ಕಾಫಿ ತೋಟ, ಹಾಗಾಗಿ ಕಾಫೆತಲೆರೊಸ್, ಅಂದರೆ ಕಾಫಿ ಬೆಳೆಗಾರರು, ಎಂದು ಹೆಸರಿಟ್ಟುಕೊಂಡಿತು. ನಮ್ಮ ಚಿಕ್ಕಮಗಳೂರು, ಕೊಡಗಿನವರಿಗೆ ಇಷ್ಟವಾಗುವ ಹೆಸರು. 2019ರಲ್ಲಿ ಅದೇ ರಾಜ್ಯದ ರಾಜಧಾನಿ ತೂಸ್ತ್ಲಾಗೆ ಹೋಯಿತು. 2020ರಲ್ಲಿ ಕಾಂಕುನ್ ಸಮುದ್ರತೀರ ಸೇರಿ ಕಾಂಕುನ್ ಎಫ್‌ಸಿ ಆಯಿತು. ಐದೇ ವರ್ಷ, ನಾಲ್ಕು ಊರು. ಅದೇ 2020ರಲ್ಲಿ ಮೊರೆಲಿಯಾದ ಮೊದಲ ದರ್ಜೆಯ ತಂಡವನ್ನು ಮಸತ್ಲಾನ್‌ಗೆ ಒಯ್ದರು. ಮೊರೆಲಿಯಾದ ಜನ ಬೀದಿಗಿಳಿದು ಪ್ರತಿಭಟಿಸಿದರು, ತಂಡ ನಿಲ್ಲಲಿಲ್ಲ.

ಹಾಗಾಗಿ ‘ಕ್ಲಬ್ ನಿಜವಾದದ್ದೇ’ ಎಂಬುದಕ್ಕೆ ನನ್ನ ಉತ್ತರ: ತಂಡ ನಿಜ, ಪಂದ್ಯ ನಿಜ, ಲೀಗೂ ನಿಜ. ಆದರೆ ನಿಮ್ಮ ಜೊತೆ ಮಾತಾಡುತ್ತಿರುವ ಬಿಲ್ಡರ್ ಮಹಾಶಯರು ಬಾಡಿಗೆದಾರರಾಗಿದ್ದರೆ, ಈ ಸೀಸನ್ ಮುಗಿದಮೇಲೆ ಆ ಊರಲ್ಲಿ ತಂಡ ಇರುತ್ತದೆ ಎಂದು ಮಾತು ಕೊಡುವ ಅಧಿಕಾರ ಅವರಿಗೇ ಇಲ್ಲ. ಬಾಡಿಗೆ ಕರಾರು ಎಷ್ಟು ವರ್ಷದ್ದು ಎಂದು ಕೇಳಿ. ಬಹಳಷ್ಟು ಒಂದೊಂದು ಸೀಸನ್ನಿಗೆ ಇರುತ್ತವೆ. ಒಂದು ವರ್ಷದ ಬಾಡಿಗೆದಾರ ನಿಮ್ಮ ಮಗನಿಂದ ಐದು ವರ್ಷದ ಸಹಿ ಕೇಳಿದರೆ ನಗು ಬರಬೇಕು, ಅಲ್ವಾ?

ಇನ್ನು ‘ಐದು ವರ್ಷಕ್ಕೆ ಲಿಗಾ ಎಂಎಕ್ಸ್’ ಮಾತು. ಟಿಡಿಪಿ ಅಂದ ತಕ್ಷಣ ಆಂಧ್ರದ ಪಕ್ಷ ನೆನಪಾದರೆ ತಪ್ಪಿಲ್ಲ, ನನಗೂ ಮೊದಲು ಹಾಗೇ ಆಗಿತ್ತು. ಇಲ್ಲಿ ಅದರ ಅರ್ಥ ‘ಮೂರನೇ ಡಿವಿಷನ್, ಪ್ರೊಫೆಷನಲ್’. ಹೆಸರಲ್ಲಿ ಮೂರು, ಇರುವುದು ನಾಲ್ಕನೇ ಮೆಟ್ಟಿಲಲ್ಲಿ. ಅದರ ಮೇಲೆ ಲಿಗಾ ಪ್ರೆಮಿಯೆರ್, ಅದರ ಮೇಲೆ ಲಿಗಾ ದೆ ಎಕ್ಸ್‌ಪಾನ್ಸಿಯೊನ್, ತುದಿಯಲ್ಲಿ 18 ತಂಡಗಳ ಲಿಗಾ ಎಂಎಕ್ಸ್. ಟಿಡಿಪಿಯಲ್ಲಿ 200ಕ್ಕೂ ಹೆಚ್ಚು ತಂಡಗಳಿವೆ. ಪ್ರಯಾಣದ ಖರ್ಚು ಉಳಿಯಲೆಂದು ಹತ್ತಿರದ ಊರುಗಳನ್ನು ಸೇರಿಸಿ ಗುಂಪು ಮಾಡಿರುತ್ತಾರೆ. ಅದರಲ್ಲಿ ಎಷ್ಟೋ ತಂಡಗಳು ದೊಡ್ಡ ಕ್ಲಬ್‌ಗಳ ಮರಿ ತಂಡಗಳು.

ನಾಲ್ಕರಿಂದ ಮೂರಕ್ಕೆ ಆಡಿ ಗೆದ್ದು ಹೋಗಬಹುದು, ಕಷ್ಟ ಆದರೂ ದಾರಿ ಇದೆ. ತೊಡಕು ಮೇಲೆ. 2020ರ ಏಪ್ರಿಲ್‌ನಲ್ಲಿ, ಕೊರೊನಾ ಗಲಾಟೆಯ ನಡುವೆ, ಮೊದಲ ಮತ್ತು ಎರಡನೇ ಹಂತದ ನಡುವಿನ ಏರಿಳಿತವನ್ನೇ, ಅಂದರೆ ಗೆದ್ದ ತಂಡ ಮೇಲೇರಿ ಸೋತದ್ದು ಕೆಳಗಿಳಿಯುವುದನ್ನೇ, ನಿಲ್ಲಿಸಿದರು. ಆರು ವರ್ಷಕ್ಕೆ ಅಂದರು. ಎರಡನೇ ಹಂತದ ಕೆಲವು ಕ್ಲಬ್‌ಗಳು ‘ಬಾಗಿಲು ತೆಗೀರಿ’ ಎಂದು 2025ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿರುವ ಕ್ರೀಡಾ ನ್ಯಾಯಮಂಡಳಿಗೇ ಹೋದವು. ಎರಡನೇ ಮೆಟ್ಟಿಲಲ್ಲಿ ನಿಂತವರಿಗೇ ಈ ಗತಿ.

ಬಾಗಿಲು ತೆರೆದಿದ್ದ ಕಾಲದಲ್ಲೂ ಗೆದ್ದರೆ ಸಾಕಾಗುತ್ತಿರಲಿಲ್ಲ. ಅದೇ ಕಾಫಿ ಬೆಳೆಗಾರರ ತಂಡ 2018ರಲ್ಲಿ ಒಅಹಾಕಾದ ಅಲೆಬ್ರಿಹೆಸ್ ತಂಡವನ್ನು ಸೋಲಿಸಿ ಬಡ್ತಿಯ ಫೈನಲ್ ಗೆದ್ದಿತು. ಆದರೆ ಮೇಲೆ ಹೋಗಲು ಬೇಕಾದ ಫೆಡರೇಷನ್ ಪ್ರಮಾಣೀಕರಣ ಅದಕ್ಕಿರಲಿಲ್ಲ. ಹಣಕಾಸು, ಕ್ರೀಡಾಂಗಣ ಅಂತ ನೂರೆಂಟು ಷರತ್ತು. ಕೆಳಗಿಳಿಯಬೇಕಿದ್ದ ಪುಯೆಬ್ಲಾದ ಲೋಬೋಸ್ ತಂಡ 12 ಕೋಟಿ ಪೆಸೊ ಕಟ್ಟಿ ಮೇಲೇ ಉಳಿಯಿತು. ಆ ಹಣ ಗೆದ್ದವರ ಕೈ ಸೇರಿತು. ಗೆದ್ದವರು ಕೆಳಗೆ, ಸೋತವರು ಮೇಲೆ. ಇಷ್ಟೆಲ್ಲ ಕೊಟ್ಟ ಲೋಬೋಸ್ ಮರುವರ್ಷವೇ ತನ್ನ ಜಾಗವನ್ನು ಎಫ್‌ಸಿ ಹ್ವಾರೆಸ್‌ಗೆ ಮಾರಿ ಕಣ್ಮರೆಯಾಯಿತು.

ನಿಮ್ಮ ಯಜಮಾನರ ತಲೆಯಲ್ಲಿ ಬಹುಶಃ ಬೆಂಗಳೂರು ಎಫ್‌ಸಿ ಇರಬಹುದು. 2013ರಲ್ಲಿ ಹುಟ್ಟಿ, ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದ ಕ್ಲಬ್. ಆದರೆ ಅದು ನೇರವಾಗಿ ಮೇಲಿನ ಲೀಗಿಗೇ ಕಾಲಿಟ್ಟದ್ದು, ಹಿಂದೆ ದೊಡ್ಡ ಕಂಪನಿಯ ದುಡ್ಡಿತ್ತು. ಅಧ್ಯಕ್ಷರು ತಿಹ್ವಾನಾದ ಶೋಲೋಸ್ ಉದಾಹರಣೆ ಕೊಡಬಹುದು. 2007ರಲ್ಲಿ ಶುರುವಾಗಿ, 2011ರಲ್ಲಿ ಮೇಲೆ ಬಂದು, 2012ರಲ್ಲಿ ಚಾಂಪಿಯನ್ ಆದ ತಂಡ. ಅದು ನಿಜವೇ. ಆದರೆ ಅವರು ಹೊರಟಿದ್ದು ಎರಡನೇ ಹಂತದಿಂದ, ಸ್ವಂತ ಕ್ರೀಡಾಂಗಣ ಕಟ್ಟಿಕೊಂಡು. ಹ್ವಾರೆಸ್ 2015ರಲ್ಲಿ ಹುಟ್ಟಿ ನಾಲ್ಕೇ ವರ್ಷಕ್ಕೆ ಲಿಗಾ ಎಂಎಕ್ಸ್ ಸೇರಿತು, ಹೇಗೆಂದು ಈಗಷ್ಟೇ ಹೇಳಿದೆ. ಚೆಕ್ ಬರೆದು.

ಈಗ ದುಡ್ಡಿನ ವಿಷಯ. ಆಟಗಾರರ ನೋಂದಣಿ, ಒಪ್ಪಂದದ ಕಾಗದಗಳನ್ನೇ ನೋಡಿಕೊಂಡು ಬಂದವನು ನಾನು. ಒಂದು ಕ್ಲಬ್ ಹೇಗಿದೆ ಅಂತ ಯಾರಾದರೂ ಕೇಳಿದರೆ ಮೊದಲು ನೋಡುವುದು ಹಣ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತಿದೆ ಎಂದು. ಕ್ಲಬ್ ಹುಡುಗನಿಗೆ ಬಸ್ ಚಾರ್ಜಾದರೂ ಕೊಡುತ್ತಿದ್ದರೆ ಅವನು ಆಟಗಾರ. ಅಪ್ಪ ಅಮ್ಮ ಕ್ಲಬ್ಬಿಗೆ ಕೊಡುತ್ತಿದ್ದರೆ ನೀವು ಗಿರಾಕಿಗಳು. ಗಿರಾಕಿ ಆಗುವುದು ಅವಮಾನವೇನಲ್ಲ, ಈಜು ಕ್ಲಾಸಿಗೆ, ಕರಾಟೆಗೆ ಕಟ್ಟುವುದಿಲ್ಲವೇ? ಆದರೆ ಗಿರಾಕಿಗೆ ‘ನೀನು ಆಯ್ಕೆಯಾಗಿದ್ದೀಯ’ ಎಂದು ಹೇಳುವುದು ವ್ಯಾಪಾರದ ಮಾತು.

ಯಾಕೆ ಹೀಗೆ ಎಂದರೆ, ಈ ಹಂತದಲ್ಲಿ ಬೇರೆ ಆದಾಯವೇ ಇಲ್ಲ. ಹೋದ ಸೀಸನ್ನಿನಲ್ಲಿ ಒಂದು ಟಿಡಿಪಿ ಪಂದ್ಯಕ್ಕೆ ಹೋಗಿದ್ದೆ. ನಗರಸಭೆಯ ಮೈದಾನ, ಮಧ್ಯಾಹ್ನದ ಬಿಸಿಲು, ಕಾಲು ಸುಡುವ ಕೃತಕ ಹುಲ್ಲು. ನಾನು ಎಣಿಸಿದಾಗ ನೋಡಲು ಬಂದವರು 63 ಜನ. ಅದರಲ್ಲಿ ಮುಕ್ಕಾಲು ಪಾಲು ಅಪ್ಪ ಅಮ್ಮ, ಅಜ್ಜಿಯರು. ಕೊಡೆ ಹಿಡಿದು ಕೂತಿದ್ದರು. ಒಬ್ಬ ಚಿಚರೊನ್ ಮಾರುತ್ತಿದ್ದ, ಹಪ್ಪಳದಂಥದ್ದು, ಮೇಲೆ ನಿಂಬೆರಸ, ಖಾರದ ಸಾಸ್. ಅಂದು ಲಾಭ ಮಾಡಿದವನು ಅವನೊಬ್ಬನೇ ಇರಬೇಕು. ಆಂಬುಲೆನ್ಸ್ ಬಂದಿಲ್ಲ ಎಂದು ರೆಫರಿ 40 ನಿಮಿಷ ಆಟ ಶುರು ಮಾಡಲಿಲ್ಲ. ಕೊನೆಗೆ ಕ್ಲಬ್ಬಿನ ಮ್ಯಾನೇಜರ್ ಪೋಷಕರ ಹತ್ತಿರವೇ ನೂರು ನೂರು ಪೆಸೊ ಎತ್ತಿ ಖಾಸಗಿ ಆಂಬುಲೆನ್ಸ್ ಕರೆಸಿದರು. ಆಟ 1-1. ಟಿಡಿಪಿಯಲ್ಲಿ ಸಮ ಆದರೆ ಪೆನಾಲ್ಟಿ ಹೊಡೆಸಿ ಗೆದ್ದವರಿಗೆ ಇನ್ನೊಂದು ಅಂಕ ಕೊಡುತ್ತಾರೆ. ಆ ಹುಡುಗರು ಆ ಒಂದು ಅಂಕಕ್ಕೆ ಕುಣಿದದ್ದು ನೋಡಿದರೆ ನಿಮಗೂ ಕಣ್ಣು ತುಂಬುತ್ತಿತ್ತು. ಆಟದಲ್ಲಿ ಸುಳ್ಳಿಲ್ಲ. ಲೆಕ್ಕಪುಸ್ತಕದಲ್ಲಿ ಇರುವುದು ರೆಫರಿ ಫೀಸು, ಬಸ್ಸು, ಫ್ರಾಂಕಿಸಿಯಾ ಬಾಡಿಗೆ, ಕೋಚ್ ಸಂಬಳ. ಟಿವಿ ಹಣ ಇಲ್ಲ, ಟಿಕೆಟ್ ಹಣ ಇಲ್ಲ. ಪ್ರಾಯೋಜಕರು ಅಂದರೆ ಊರಿನ ಟೈರ್ ಅಂಗಡಿ. ಉಳಿದದ್ದನ್ನು ತುಂಬುವವರು ನೀವೇ.

ನಿಮ್ಮ ಕ್ಲಬ್ಬಿನ ಲೆಕ್ಕ ನೋಡಿ. ತಿಂಗಳಿಗೆ 4,500 ಎಂದರೆ ಹತ್ತು ತಿಂಗಳ ಸೀಸನ್ನಿಗೆ 45,000, ಮೇಲೆ ನೋಂದಣಿ 15,000. ಒಟ್ಟು 60,000 ಪೆಸೊ. ಇಂಥ 25 ಹುಡುಗರಿದ್ದರೆ 15 ಲಕ್ಷ ಪೆಸೊ. ಸೀಸನ್ ಆರಾಮಾಗಿ ನಡೆಯುತ್ತದೆ. ಹುಡುಗರು ಮೇಲೆ ಹೋದರೂ ಸರಿ, ಹೋಗದಿದ್ದರೂ ಸರಿ.

ಒಪ್ಪಂದಕ್ಕೆ ಬರೋಣ. 18 ತುಂಬದ ಆಟಗಾರನ ಜೊತೆ 3 ವರ್ಷಕ್ಕಿಂತ ಜಾಸ್ತಿ ಒಪ್ಪಂದವನ್ನು ಫಿಫಾ ನಿಯಮ ಮಾನ್ಯ ಮಾಡುವುದಿಲ್ಲ. 5 ವರ್ಷ ಎಂದು ಬರೆದವರಿಗೆ ನಿಯಮ ಗೊತ್ತಿಲ್ಲ, ಅಥವಾ ನಿಮಗೆ ಗೊತ್ತಿಲ್ಲ ಎಂದು ಗೊತ್ತಿದೆ. ಇನ್ನೊಂದು, ಒಪ್ಪಂದ ಎಂದರೆ ಸಂಬಳ ಇರಬೇಕು. ಸಂಬಳದ ಜಾಗ ಖಾಲಿ ಬಿಟ್ಟು, ಬಿಟ್ಟು ಹೋದರೆ ದಂಡ ಎಂಬ ಕಲಂ ಮಾತ್ರ ತುಂಬಿರುವ ಕಾಗದ ಹುಡುಗನನ್ನು ಕಟ್ಟಿಹಾಕಲು ಇರುವ ಹಗ್ಗ, ಅಷ್ಟೆ. ಮೆಕ್ಸಿಕೊದಲ್ಲಿ ಈ ಕಟ್ಟಿಹಾಕುವ ಚಾಳಿ ಹಳೆಯದು. ಒಪ್ಪಂದ ಮುಗಿದ ಆಟಗಾರನನ್ನೂ ಹಳೇ ಕ್ಲಬ್ಬಿನ ಒಪ್ಪಿಗೆ ಇಲ್ಲದೆ ಬೇರೆಯವರು ತೆಗೆದುಕೊಳ್ಳದ ಒಂದು ಒಳಒಪ್ಪಂದವಿತ್ತು. ‘ಸಭ್ಯರ ಒಪ್ಪಂದ’ ಅಂತ ಅದಕ್ಕೆ ಹೆಸರು ಬೇರೆ! 2021ರಲ್ಲಿ ಇಲ್ಲಿನ ಸ್ಪರ್ಧಾ ಆಯೋಗ (ವ್ಯಾಪಾರದ ಪೈಪೋಟಿ ನ್ಯಾಯವಾಗಿದೆಯೇ ಎಂದು ನೋಡುವ ಸಂಸ್ಥೆ) ಇದಕ್ಕೂ, ಮಹಿಳಾ ಆಟಗಾರರ ಸಂಬಳಕ್ಕೆ ಮಿತಿ ಹಾಕಿದ್ದಕ್ಕೂ ಸೇರಿಸಿ 17 ಕ್ಲಬ್‌ಗಳು, ಫೆಡರೇಷನ್ ಮತ್ತು ಎಂಟು ಜನರಿಗೆ ಒಟ್ಟು 17.76 ಕೋಟಿ ಪೆಸೊ ದಂಡ ಹಾಕಿತು.

2 ಲಕ್ಷ ಹಾಕಿದರೆ ಶೇ. 30 ಎಂಬ ಮಾತನ್ನು ಮಾತ್ರ ಯಜಮಾನರಿಗೆ ಇವತ್ತೇ ಓದಿ ಹೇಳಿ. ಆಟಗಾರನ ವರ್ಗಾವಣೆ ಹಣದಲ್ಲಿ ಮೂರನೆಯವರು ಪಾಲು ಇಟ್ಟುಕೊಳ್ಳುವುದನ್ನು ಫಿಫಾ 2015ರ ಮೇ 1ರಿಂದ ನಿಷೇಧಿಸಿದೆ. ಕ್ಲಬ್ಬೂ ಅಲ್ಲ, ಆಟಗಾರನೂ ಅಲ್ಲ ಎಂದ ಮೇಲೆ ಹೆತ್ತ ಅಪ್ಪನೂ ಅಲ್ಲಿ ಮೂರನೆಯವನೇ. ಅಂಥ ಕಾಗದ ಮುಂದೆ ಮಗನಿಗೇ ತೊಂದರೆ ತರಬಹುದು. ಆಟಗಾರನನ್ನು ಬೆಳೆಸಿದ್ದಕ್ಕೆ ಹಣ ಬರುವ ಕಾನೂನುಬದ್ಧ ದಾರಿ ಇದೆ. ಅದು ಕ್ಲಬ್ಬಿಗೆ ಬರುತ್ತದೆ. 12ನೇ ವಯಸ್ಸಿನಿಂದ ಎಲ್ಲೆಲ್ಲಿ ನೋಂದಾಯಿತನಾಗಿದ್ದ ಎಂಬ ಪಟ್ಟಿಗೆ ಆಟಗಾರನ ಪಾಸ್‌ಪೋರ್ಟ್ ಎನ್ನುತ್ತಾರೆ. ಮುಂದೆ ಅವನು ಬೇರೆ ದೇಶದ ಕ್ಲಬ್ಬಿಗೆ ಹೋದರೆ ಆ ಪಟ್ಟಿ ನೋಡಿ ಹಂಚುತ್ತಾರೆ. ಪಟ್ಟಿಯಲ್ಲಿ ಯಾರ ಹೆಸರು ಬರುತ್ತದೆ? ಕಾರ್ಡಿನ ಮೇಲಿರುವ ಹೆಸರು. ಬಿಲ್ಡರ್ ನಿಮಗೆ ಹಂಚುತ್ತೇನೆ ಎನ್ನುವ ಹಣ ಅವರ ಕೈಗೇ ಬರದಿರಬಹುದು.

ನಡುವೆ ಕ್ಲಬ್ ಮುಳುಗಿದರೆ ಏನಾಗುತ್ತದೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಲಿಗಾ ಎಂಎಕ್ಸ್‌ನಲ್ಲೇ 2019ರ ಅಕ್ಟೋಬರ್‌ನಲ್ಲಿ ವೆರಾಕ್ರುಸ್ ಆಟಗಾರರು ಸಂಬಳ ಬಂದಿಲ್ಲ ಎಂದು ತಿಗ್ರೆಸ್ ವಿರುದ್ಧದ ಪಂದ್ಯದ ಮೊದಲ ನಿಮಿಷಗಳಲ್ಲಿ ನಿಂತಲ್ಲೇ ನಿಂತರು. ಎದುರಿನವರು ಗೋಲು ಹೊಡೆದರೂ ಅಲ್ಲಾಡಲಿಲ್ಲ. ಡಿಸೆಂಬರ್‌ನಲ್ಲಿ ಆ ಕ್ಲಬ್ಬನ್ನೇ ಫೆಡರೇಷನ್ ಹೊರಗೆ ಹಾಕಿತು. ನಾಲ್ಕನೇ ಹಂತದಲ್ಲಿ ಅಷ್ಟು ಸದ್ದೇ ಆಗುವುದಿಲ್ಲ. ಒಂದು ಸೋಮವಾರ ಪ್ರಾಕ್ಟೀಸಿಗೆ ಹೋದರೆ ಗೇಟಿಗೆ ಬೀಗ. ನನ್ನ ಹತ್ತಿರ ಬಂದ ಒಬ್ಬ ಹುಡುಗನಿಗೆ ಹಾಗೇ ಆಗಿತ್ತು. ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕಾದವರು ಕಾಗದದ ಓನರ್, ಇದ್ದದ್ದು 600 ಕಿಲೋಮೀಟರ್ ದೂರದಲ್ಲಿ. ಫೋನ್ ಎತ್ತಲಿಲ್ಲ. ಹುಡುಗನ ಅರ್ಧ ಸೀಸನ್ ಹೋಯಿತು.

ಇನ್ನು ನಿಮ್ಮ ಮಗನ ಪಾಲಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ‘ಕುರ್ಪ್ ಕೊಡಿ ಸಾಕು’ ಎಂಬ ಮಾತು ಓದಿ ನನಗೆ ಸ್ವಲ್ಪ ಗಾಬರಿಯೇ ಆಯಿತು. ಮಗನದು ಭಾರತದ ಪಾಸ್‌ಪೋರ್ಟ್. 18ರ ಒಳಗಿನ ವಿದೇಶಿ ಹುಡುಗನನ್ನು ಮೊದಲ ಸಲ ನೋಂದಾಯಿಸಬೇಕಾದರೆ, ಅವನು ಆ ದೇಶದಲ್ಲಿ ಸತತ 5 ವರ್ಷ ಇದ್ದಿಲ್ಲದಿದ್ದರೆ, ಫೆಡರೇಷನ್ ಮೂಲಕ ಫಿಫಾ ಒಪ್ಪಿಗೆ ಬೇಕು. ಮಕ್ಕಳ ಸಾಗಾಟ ತಡೆಯಲು ಮಾಡಿದ ನಿಯಮ ಇದು. ನಿಮಗೆ ಇದರಲ್ಲಿ ಭಯವಿಲ್ಲ. ಅಪ್ಪ ಅಮ್ಮ ಫುಟ್‌ಬಾಲ್‌ಗೆ ಸಂಬಂಧವಿಲ್ಲದ ಕಾರಣಕ್ಕೆ ಬಂದು ನೆಲೆಸಿದ್ದರೆ ಒಪ್ಪಿಗೆ ಕೊಡಲು ಅವಕಾಶವಿದೆ, ನಿಮ್ಮದು ಅಂಥದ್ದೇ. ಯಜಮಾನರ ಕೆಲಸದ ಪತ್ರ, ರೆಸಿಡೆಂಟ್ ಕಾರ್ಡುಗಳು, ಮಗನ ಜನನ ಪ್ರಮಾಣಪತ್ರ, ಇಂಥ ಕಾಗದ ಬೇಕಾಗುತ್ತದೆ. ಸ್ವಲ್ಪ ಸಮಯ ಹಿಡಿಯುತ್ತದೆ. ಇವರು ಅದ್ಯಾವುದನ್ನೂ ಕೇಳದೆ ‘ನೋಡ್ಕೋತೀವಿ’ ಅಂದಿದ್ದಾರೆ ಎಂದರೆ ಎರಡೇ ಅರ್ಥ. ನಿಯಮ ಗೊತ್ತಿಲ್ಲ, ಅಥವಾ ಮೆಕ್ಸಿಕೊದಲ್ಲೇ ಹುಟ್ಟಿದವನೆಂದು ತೋರಿಸುವ ಯೋಚನೆ ಇದೆ.

ಎರಡನೆಯದಕ್ಕೆ ಎಂದೂ ಒಪ್ಪಬೇಡಿ. 1988ರಲ್ಲಿ ವಯಸ್ಸು ಮೀರಿದ ಹುಡುಗರನ್ನು ಸುಳ್ಳು ದಾಖಲೆಯ ಮೇಲೆ 20ರ ಒಳಗಿನ ತಂಡದಲ್ಲಿ ಆಡಿಸಿದ್ದು ಗೊತ್ತಾಗಿ ಫಿಫಾ ಇಡೀ ಮೆಕ್ಸಿಕೊವನ್ನೇ ಎರಡು ವರ್ಷ ಹೊರಗಿಟ್ಟಿತು. 1990ರ ವಿಶ್ವಕಪ್ ತಪ್ಪಿಹೋಯಿತು. ಕಾಚಿರುಲೆಸ್ ಹಗರಣ ಎಂದರೆ ಇಲ್ಲಿ ಇವತ್ತಿಗೂ ವಯಸ್ಸಾದವರು ತಲೆ ಚಚ್ಚಿಕೊಳ್ಳುತ್ತಾರೆ.

ಹಾಗಾದರೆ ಮಾಡುವುದೇನು? ನಾನು ನಿಮ್ಮ ಜಾಗದಲ್ಲಿದ್ದರೆ 2 ಲಕ್ಷದ ಮಾತನ್ನು ಅಲ್ಲಿಗೇ ಮುಗಿಸುತ್ತಿದ್ದೆ. 5 ವರ್ಷದ ಕಾಗದಕ್ಕೆ ಸಹಿ ಹಾಕುತ್ತಿರಲಿಲ್ಲ. ಆದರೆ ಕ್ಲಬ್ಬಿನ ಬಾಗಿಲು ಮುಚ್ಚುತ್ತಿರಲಿಲ್ಲ. ಅಮೆಚೂರ್ ಆಟಗಾರನಾಗಿ ಒಂದು ಸೀಸನ್ನಿಗೆ ಮಾತ್ರ ನೋಂದಾಯಿಸಿ, ಒಪ್ಪಂದ ಬೇಡ ಎನ್ನಿ. ಮಾಸಿಕ ಶುಲ್ಕವನ್ನು ಕೋಚಿಂಗ್ ಫೀಸು ಅಂದುಕೊಂಡು, ಅದಕ್ಕೆ ತಕ್ಕ ಕೋಚಿಂಗ್ ಇದೆಯೇ ನೋಡಿ. ವಾರಕ್ಕೆ ಎಷ್ಟು ದಿನ ಪ್ರಾಕ್ಟೀಸ್, ಗಾಯವಾದರೆ ಖರ್ಚು ಯಾರದು, ವಿಮೆ ಇದೆಯೇ ಎಂದು ಕೇಳಿ. ತಿಂಗಳು ತಿಂಗಳು ಕಟ್ಟಿ, ರಸೀದಿ ತಗೊಳ್ಳಿ, ವರ್ಷದ್ದು ಒಟ್ಟಿಗೆ ಕೊಡಬೇಡಿ. ಅಪಾಯ ಇಷ್ಟೇ: ದುಡ್ಡು ಕೊಡುವ ಹುಡುಗರು ಜಾಸ್ತಿ ಇರುವ ಕಡೆ ಕೋಚ್ ಎಲ್ಲರನ್ನೂ ಖುಷಿಯಾಗಿಡಲು ಸರದಿ ಪ್ರಕಾರ ಆಡಿಸುತ್ತಾನೆ. ತಿದ್ದುವುದು ಕಮ್ಮಿ.

ಅದಕ್ಕಿಂತ ಮೊದಲು ದೊಡ್ಡ ಕ್ಲಬ್‌ಗಳ ಯುವ ತಂಡಗಳ ಟ್ರಯಲ್ಸ್ ನೋಡಿ. ಇಲ್ಲಿ ಅದನ್ನು ವಿಸೋರಿಯಾ ಎನ್ನುತ್ತಾರೆ. ಕೆರೆತಾರೊದಲ್ಲೇ ಲಿಗಾ ಎಂಎಕ್ಸ್ ಕ್ಲಬ್ ಇದೆ. ಆಯ್ಕೆ ಕಠಿಣ, ಹತ್ತರಲ್ಲಿ ಒಂಬತ್ತು ಸಲ ‘ಇಲ್ಲ’ ಎನ್ನಿಸಿಕೊಂಡು ಬರಬೇಕಾಗುತ್ತದೆ. ಆದರೆ ಆ ‘ಇಲ್ಲ’ಕ್ಕೆ ಬೆಲೆ ಇದೆ. ‘ಹೌದು’ ಎನ್ನುವುದರಿಂದ ಅವರಿಗೆ ದುಡ್ಡು ಬರುವುದಿಲ್ಲವಲ್ಲ. ನಡುವೆ ಯಾರಾದರೂ ಏಜೆಂಟ್ ಬಂದು ‘ನಾನು ಒಳಗೆ ಹಾಕಿಸ್ತೀನಿ’ ಅಂದರೆ ಫಿಫಾ ಲೈಸೆನ್ಸ್ ತೋರಿಸಿ ಎನ್ನಿ, ಸಾಮಾನ್ಯವಾಗಿ ಅಲ್ಲಿಗೇ ಮಾತು ನಿಲ್ಲುತ್ತದೆ.

ಇನ್ನೊಂದು ದಾರಿ ನಮ್ಮವರು ಅಷ್ಟಾಗಿ ಯೋಚಿಸದ್ದು: ಕಾಲೇಜು ಫುಟ್‌ಬಾಲ್. ತೆಕ್ ದೆ ಮೊಂತೆರೇ ಥರದ ಖಾಸಗಿ ವಿಶ್ವವಿದ್ಯಾಲಯಗಳು ಒಳ್ಳೆ ಆಟಗಾರರಿಗೆ ಶುಲ್ಕದಲ್ಲಿ ರಿಯಾಯಿತಿ ಕೊಡುತ್ತವೆ. ಅದರ ಕ್ಯಾಂಪಸ್ ನಿಮ್ಮೂರಲ್ಲೇ ಇದೆ. ಟಿಡಿಪಿ ಹೆಚ್ಚಾಗಿ 20ರ ಒಳಗಿನ ಹುಡುಗರ ಲೀಗು. 20 ದಾಟಿ ಮೇಲಿನ ಹಂತ ಸಿಗದವರಿಗೆ ಅಲ್ಲಿ ಜಾಗ ಕಮ್ಮಿ. ಅಷ್ಟರಲ್ಲಿ ಪ್ರೆಪಾ, ಅಂದರೆ ನಮ್ಮ ಪಿಯುಸಿ, ಬಿಟ್ಟಿದ್ದರೆ ಕಷ್ಟ. ಪ್ರಾಕ್ಟೀಸ್ ಬೆಳಿಗ್ಗೆ 9ಕ್ಕೆ ಇಟ್ಟಿದ್ದಾರಾ ನೋಡಿ. ಇಟ್ಟಿದ್ದರೆ ಶಾಲೆ ಬಿಡಿಸುವ ಲೆಕ್ಕದಲ್ಲೇ ಇದ್ದಾರೆ.

ನೀವು ಕಳಿಸಿದ ವಿಡಿಯೊವನ್ನೂ ನೋಡಿದೆ. ಮಗನ ಎಡಗಾಲಿನ ಕ್ರಾಸ್ ಚೆನ್ನಾಗಿದೆ, ಸುಮ್ನೆ ಹೊಗಳುತ್ತಿಲ್ಲ. ಆದರೆ ಎರಡನೇ ಅರ್ಧದಲ್ಲಿ ಮುಂದೆ ಹೋದವನು ವಾಪಸ್ ನಡೆದುಕೊಂಡು ಬರುತ್ತಿದ್ದಾನೆ. ವಿಸೋರಿಯಾದಲ್ಲಿ ಮೊದಲು ನೋಡುವುದು ಅದನ್ನೇ. ಅವನಿಗೆ ಹೇಳಿ.

ಇನ್ನೊಮ್ಮೆ ಅಧ್ಯಕ್ಷರನ್ನು ಕಾಣುವಾಗ ಮೂರು ಕಾಗದ ಕೇಳಿ: ಅಫಿಲಿಯೇಷನ್ ಸರ್ಟಿಫಿಕೇಟಿನ ಪ್ರತಿ, ಬಾಡಿಗೆಯಾದರೆ ಅದರ ಕರಾರು, ಫೆಡರೇಷನ್ನಿಗೆ ಕಳಿಸುವ ಮಗನ ಅರ್ಜಿ. ಕೊಡಲು ಹಿಂದೆಮುಂದೆ ನೋಡಿದರೆ ಕಾಫಿ ಕುಡಿದು ಎದ್ದು ಬನ್ನಿ. ಕೊಟ್ಟರೆ ಅರ್ಜಿಯಲ್ಲಿ ಮಗನ ಕುರ್ಪ್ ನೋಡಿ. 18 ಅಕ್ಷರ ಅಂಕಿಗಳಲ್ಲಿ 12 ಮತ್ತು 13ನೆಯದು ಹುಟ್ಟಿದ ರಾಜ್ಯದ ಗುರುತು. ಹೊರದೇಶದಲ್ಲಿ ಹುಟ್ಟಿದವರಿಗೆ ಅಲ್ಲಿ ‘ಎನ್’, ‘ಇ’ ಎಂಬ ಎರಡು ಅಕ್ಷರ ಇರಬೇಕು. ಬೇರೆ ಏನಾದರೂ ಇದ್ದರೆ ಅದರ ಫೋಟೊ ತೆಗೆದು ಇಟ್ಟುಕೊಳ್ಳಿ, ಆಮೇಲೆ ನನಗೆ ಫೋನ್ ಮಾಡಿ.